ಟಿವಿ, ಪೇಪರ್‌ನಲ್ಲಿ ತಪ್ಪು ಸುದ್ದಿ ಬಂದರೆ ದೂರು ಕೊಡುವುದು ಎಲ್ಲಿ, ಹೇಗೆ?

ನಮ್ಮ ಭಾಗದಲ್ಲಿ ಯಾವುದಾದರೂ ರಾಜಕೀಯ ಸುದ್ದಿ ಬಿಸಿಯಾದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತದೆ. "ಅಣ್ಣಾ, ಆ ಚಾನೆಲ್‌ನವರು ಹೇಳಿದ್ದು ಪೂರಾ ಸುಳ್ಳು. ಇವರ ಮ್ಯಾಲೆ ಕಂಪ್ಲೇಂಟ್ ಎಲ್ಲಿ ಕೊಡಬೇಕ್ರೀ?" ಸಿಂಧನೂರಿನಿಂದ ಕೇಳುತ್ತಾರೆ, ಗಂಗಾವತಿಯಿಂದ ಕೇಳುತ್ತಾರೆ, ಸಿರುಗುಪ್ಪದಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ, ಕೊನೆಗೆ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಚಹಾ ಅಂಗಡಿಯಲ್ಲಿ ಬೈದು ಎದ್ದುಹೋಗುವವರು ಜಾಸ್ತಿ. ಕೂತು ಒಂದು ಪತ್ರ ಬರೆಯುವವರು ಬಹಳ ಕಡಿಮೆ. ಬರೆದರೆ ಏನೂ ಆಗುವುದಿಲ್ಲ ಎಂಬ ಮಾತು ನಿಜವಲ್ಲ. 2020ರಲ್ಲಿ ಕೊರೊನಾ ಹಬ್ಬಿದ್ದಾಗ ತಬ್ಲೀಗಿ ಜಮಾತ್ ಬಗ್ಗೆ ಮಾಡಿದ ಕಾರ್ಯಕ್ರಮಗಳ ಮೇಲೆ ಬೆಂಗಳೂರಿನ ಒಂದು ನಾಗರಿಕರ ಗುಂಪು ದೂರು ಕೊಟ್ಟಿತ್ತು. 2021ರ ಜೂನ್‌ನಲ್ಲಿ ಆದೇಶ ಬಂತು. ಎರಡು ಕನ್ನಡ ಸುದ್ದಿ ಚಾನೆಲ್‌ಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ಆ ದೂರು ಬರೆದವರು ನಿಮ್ಮ ನಮ್ಮ ಹಾಗೆ ಟಿವಿ ನೋಡುವವರೇ.

ಇದಕ್ಕೆ ವಕೀಲರು ಬೇಕಿಲ್ಲ. ಮೊಬೈಲ್, ಇಮೇಲ್, ಒಂದೆರಡು ಗಂಟೆ ಸಮಯ ಇದ್ದರೆ ಸಾಕು. ಆದರೆ ದಿನಗಳ ಲೆಕ್ಕ ತಪ್ಪಬಾರದು. ಅದನ್ನು ಮುಂದೆ ಹೇಳುತ್ತೇನೆ.

1. ಆ ಸುದ್ದಿ ನಿಜವಾಗಿ ಅವರದ್ದೇನಾ, ನೋಡಿ

ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಮೂಲೆಯಲ್ಲಿ ಚಾನೆಲ್‌ನ ಲೋಗೋ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ಒಬ್ಬ ನಾಯಕರ ಹೆಸರಿನಲ್ಲಿ ಒಂದು ಮಾತು. ನೋಡಿದ ಕೂಡಲೇ ಸಿಟ್ಟು ಬರುವಂಥ ಮಾತು. ಇಂಥ ಪ್ಲೇಟನ್ನು ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಯಾರು ಬೇಕಾದರೂ ಮಾಡಬಹುದು.

ಹಾಗಾಗಿ ಮೊದಲು ಆ ಚಾನೆಲ್‌ನ ಸ್ವಂತ ಯೂಟ್ಯೂಬ್ ಮತ್ತು ಫೇಸ್‌ಬುಕ್ ಪುಟಕ್ಕೆ ಹೋಗಿ ಹುಡುಕಿ. ಪತ್ರಿಕೆಯ ತುಣುಕಾದರೆ ಅದೇ ದಿನದ ಇ-ಪೇಪರ್ ತೆಗೆದು ನೋಡಿ. ಫೋಟೋವನ್ನು ದೊಡ್ಡದು ಮಾಡಿ ಅಕ್ಷರ ನೋಡಿ. ಚಾನೆಲ್‌ನವರು ದಿನಾ ಬಳಸುವ ಅಕ್ಷರದ ಶೈಲಿಗೂ ಇದಕ್ಕೂ ವ್ಯತ್ಯಾಸ ಇರುತ್ತದೆ. ಒತ್ತಕ್ಷರ ಕೆಳಗೆ ಜಾರಿರುತ್ತದೆ, ದೀರ್ಘ ತಪ್ಪಿರುತ್ತದೆ, ದಿನಾಂಕ ಇರುವುದೇ ಇಲ್ಲ.

ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತು ಕಂಡರೆ ಆ ಸಂದೇಶ ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ ಎಂದರ್ಥ. ಅದು ಸುಳ್ಳು ಎಂದು ಅಷ್ಟಕ್ಕೇ ಹೇಳಲಾಗದು. ಆದರೆ ಕಳಿಸಿದ ನಿಮ್ಮ ಭಾವನವರೋ ಕಾಕಾನೋ ಅದನ್ನು ಕಣ್ಣಾರೆ ಕಂಡವರಲ್ಲ ಎಂಬುದು ಗೊತ್ತಾಗುತ್ತದೆ.

ಎಚ್ಚರಿಕೆ: ನಕಲಿ ಪ್ಲೇಟ್ ಹಿಡಿದು ಚಾನೆಲ್ ಮೇಲೆ ದೂರು ಕೊಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ಮುಂದೆ ನಿಜವಾದ ತಪ್ಪು ಹಿಡಿದು ಬರೆದರೂ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

2. ತಪ್ಪಿರುವ ಸಾಲನ್ನು ಹಿಡಿಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ಈ ಚಾನೆಲ್ ಒಂದು ಪಕ್ಷದ ಪರ ಇದೆ" ಎಂಬುದು ದೂರಾಗುವುದಿಲ್ಲ. "ನಿರೂಪಕರು ಕಿರುಚುತ್ತಾರೆ" ಎಂಬುದೂ ಆಗುವುದಿಲ್ಲ. ಸಂಗತಿ ಬೇರೆ, ಅಭಿಪ್ರಾಯ ಬೇರೆ. ಅಭಿಪ್ರಾಯ ನಿಮಗೆ ಹಿಡಿಸದಿದ್ದರೆ ಎದುರಾಗಿ ಬರೆಯಬಹುದು, ಅದರ ಮೇಲೆ ದೂರು ಕೊಡಲು ಬರುವುದಿಲ್ಲ. ಸಂಗತಿ ತಪ್ಪಿದ್ದರೆ ಕೊಡಬಹುದು. ಒಂದು ಜಾತಿ ಅಥವಾ ಧರ್ಮದ ಜನರನ್ನು ಹೀಯಾಳಿಸಿದ್ದರೆ, ಜಗಳ ಎಬ್ಬಿಸುವ ಮಾತಾಡಿದ್ದರೆ ಆಗಲೂ ಕೊಡಬಹುದು.

ನಮ್ಮ ಡ್ಯಾಂನದೇ ಉದಾಹರಣೆ ತೆಗೆದುಕೊಳ್ಳಿ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಜಲಾಶಯ ಆಗ ಹೆಚ್ಚುಕಡಿಮೆ ತುಂಬಿತ್ತು. ಎಡದಂಡೆ ಕಾಲುವೆ ನಂಬಿಕೊಂಡ ಕೊಪ್ಪಳ, ರಾಯಚೂರಿನ ರೈತರು, ಬಲದಂಡೆ ಕಡೆಯ ಬಳ್ಳಾರಿಯ ರೈತರು ಆ ರಾತ್ರಿ ಮಲಗಲಿಲ್ಲ. ಗದ್ದೆಗೆ ಬೇಕಾದ ನೀರು ಕಣ್ಣೆದುರೇ ನದಿಗೆ ಹೋಗುತ್ತಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಸ್ಟಾಪ್ ಲಾಗ್ ಅಂದರೆ ಗೇಟ್ ಇದ್ದ ಜಾಗದಲ್ಲಿ ಒಂದರ ಮೇಲೊಂದು ಇಳಿಸುವ ಉಕ್ಕಿನ ತಾತ್ಕಾಲಿಕ ತಡೆ.

ಈಗ ಈ ಮೂರು ಸಾಲು ನೋಡಿ. ಮೂರೂ ನಾನು ಉದಾಹರಣೆಗಾಗಿ ಬರೆದವು.

ಒಂದು: "ತುಂಗಭದ್ರಾ ಡ್ಯಾಂ ಒಡೆದಿದೆ." ಇದು ಸಂಗತಿ, ಮತ್ತು ತಪ್ಪು. ಗೇಟ್ ಹೋಗುವುದು ಬೇರೆ, ಅಣೆಕಟ್ಟು ಒಡೆಯುವುದು ಬೇರೆ. ನದಿ ದಂಡೆಯ ಊರಿನವರಿಗೆ ಈ ಎರಡರ ನಡುವಿನ ಅಂತರ ಜೀವದ ಪ್ರಶ್ನೆ. ಇದರ ಮೇಲೆ ದೂರು ಕೊಡಬಹುದು.

ಎರಡು: "ಗೇಟ್ ಹೋಗಿದ್ದು ಸರ್ಕಾರದ ನಿರ್ಲಕ್ಷ್ಯದಿಂದ." ಇದು ಅಭಿಪ್ರಾಯ. ಆಗ ವಿರೋಧ ಪಕ್ಷದವರು ರಾಜ್ಯ ಸರ್ಕಾರದ ಮೇಲೆ ಹಾಕಿದರು, ಸರ್ಕಾರದವರು ತುಂಗಭದ್ರಾ ಮಂಡಳಿಯ ಕಡೆ ಬೆರಳು ತೋರಿಸಿದರು. ಎರಡೂ ರಾಜಕೀಯ ಮಾತು. ಯಾರು ಹೇಳಿದರು ಎಂದು ಹೆಸರು ಹಾಕಿ ಪ್ರಕಟಿಸಿದರೆ ತಪ್ಪಿಲ್ಲ.

ಮೂರು: "ಡ್ಯಾಂ ನಿರ್ವಹಣೆ ಪೂರ್ತಿ ರಾಜ್ಯದ ನೀರಾವರಿ ಇಲಾಖೆಯದ್ದು, ಬೇರೆ ಯಾರಿಗೂ ಸಂಬಂಧವಿಲ್ಲ." ಕೇಳಲು ಅಭಿಪ್ರಾಯದ ಹಾಗಿದೆ, ಆದರೆ ಇದು ಸಂಗತಿ, ಅದೂ ತಪ್ಪು ಸಂಗತಿ. ಜಲಾಶಯವನ್ನು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣದ ಪ್ರತಿನಿಧಿಗಳು ಅದರಲ್ಲಿದ್ದಾರೆ.

ಹೀಗೆ ಬಿಡಿಸಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ರಾಜಕೀಯ ಸುದ್ದಿಯಲ್ಲಿ ಪದೇ ಪದೇ ಆಗುವ ಇನ್ನೂ ಕೆಲವು ತಪ್ಪುಗಳಿವೆ, ಇವುಗಳ ಮೇಲೆ ಕಣ್ಣಿಡಿ.

ಎಫ್‌ಐಆರ್ ಅಂದರೆ ಪೊಲೀಸರು ದೂರು ದಾಖಲಿಸಿಕೊಂಡಿದ್ದಾರೆ ಎಂದು ಮಾತ್ರ. ಆರೋಪಪಟ್ಟಿ ಅಂದರೆ ತನಿಖೆ ಮುಗಿಸಿ ಕೋರ್ಟಿಗೆ ಕೊಟ್ಟದ್ದು. ಅಪರಾಧ ಸಾಬೀತಾಗುವುದು ತೀರ್ಪು ಬಂದ ಮೇಲೆ. ಬಳ್ಳಾರಿಯವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಗಣಿ ಹಗರಣದ ಬಗ್ಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ವರದಿ ಕೊಟ್ಟ ದಿನದಿಂದ, ವರದಿಯಲ್ಲಿ ಹೆಸರು ಬಂದವರು, ಆರೋಪಿಗಳು, ಶಿಕ್ಷೆಯಾದವರು ಎಂಬ ಮೂರನ್ನೂ ಒಂದೇ ಮಾಡಿ ಮಾತಾಡುವುದನ್ನು ಕೇಳುತ್ತಲೇ ಬಂದಿದ್ದೇವೆ.

ಕೋರ್ಟಿನಲ್ಲಿ ವಿಚಾರಣೆ ನಡೆಯುವಾಗ ನ್ಯಾಯಮೂರ್ತಿಗಳು ಬಾಯಿಮಾತಿನಲ್ಲಿ ಒಂದು ಪ್ರಶ್ನೆ ಕೇಳಿರುತ್ತಾರೆ. ಸಂಜೆ ಹೊತ್ತಿಗೆ ಅದು "ಹೈಕೋರ್ಟ್ ಆದೇಶ" ಆಗಿರುತ್ತದೆ. ಬರಹದಲ್ಲಿ ಬಂದದ್ದು ಮಾತ್ರ ಆದೇಶ.

ಏಮ್ಸ್, ಅಂದರೆ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನ ವಿಷಯವೂ ಹಾಗೆಯೇ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು. ಜನ ಎಷ್ಟು ಆಸೆ ಇಟ್ಟುಕೊಂಡಿದ್ದಾರೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ರಾಜ್ಯ ಸರ್ಕಾರ ಶಿಫಾರಸು ಮಾಡುವುದು ಒಂದು, ಕೇಂದ್ರ ಮಂಜೂರು ಮಾಡುವುದು ಇನ್ನೊಂದು. ಒಬ್ಬ ಸಂಸದರ ಭರವಸೆಯನ್ನು "ಏಮ್ಸ್ ಮಂಜೂರು" ಎಂದು ಯಾರಾದರೂ ಹಾಕಿದರೆ ಅದು ಬರೀ ಅವಸರದ ತಪ್ಪಲ್ಲ, ಆ ಜನರ ಆಸೆಯ ಜೊತೆ ಆಟವಾಡಿದ ಹಾಗೆ. 371(ಜೆ) ಬಗ್ಗೆಯೂ ಅಷ್ಟೇ. ಅದು ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ, 98ನೇ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ವಿಧಿ. ಒಂದು ಸಂಪುಟ ಸಭೆಯಲ್ಲಿ ಅದು ರದ್ದಾಗಲು ಸಾಧ್ಯವೇ ಇಲ್ಲ. "371(ಜೆ) ರದ್ದು" ಎಂಬ ಶೀರ್ಷಿಕೆ ಕಂಡರೆ ಒಳಗೆ ಏನಿದೆ ಓದಿ. ನೇಮಕಾತಿಯ ಯಾವುದೋ ಒಂದು ಸುತ್ತೋಲೆಯ ವಿಷಯ ಇರಬಹುದು.

3. ಸಾಕ್ಷಿ ಉಳಿಸಿಕೊಳ್ಳಿ, ಅದೂ ಅದೇ ದಿನ

ಯೂಟ್ಯೂಬ್ ವಿಡಿಯೋದ ಶೀರ್ಷಿಕೆ, ಥಂಬ್‌ನೇಲ್ ರಾತ್ರೋರಾತ್ರಿ ಬದಲಾಗುತ್ತವೆ. ಥಂಬ್‌ನೇಲ್ ಅಂದರೆ ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರ. ಅರ್ಧ ಸುಳ್ಳು ಇರುವುದು ಅಲ್ಲೇ, ಒಳಗಿನ ಸುದ್ದಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಥಂಬ್‌ನೇಲ್, ಶೀರ್ಷಿಕೆ, ದಿನಾಂಕ ಮೂರೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಲಿಂಕ್ ಕಾಪಿ ಮಾಡಿಡಿ. ತಪ್ಪು ಮಾತು ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿದೆ ಬರೆದುಕೊಳ್ಳಿ. ಮೊಬೈಲ್‌ನ ಸ್ಕ್ರೀನ್ ರೆಕಾರ್ಡರ್‌ನಲ್ಲಿ ಆ ಒಂದು ನಿಮಿಷವನ್ನು ಉಳಿಸಿ.

ಟಿವಿಯಲ್ಲಿ ನೋಡಿದ್ದಾದರೆ ಇನ್ನೊಂದು ಮೊಬೈಲ್‌ನಿಂದ ವಿಡಿಯೋ ಮಾಡಿ. ಆಗದಿದ್ದರೆ ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಬರೆದಿಡಿ. ಚಾನೆಲ್‌ಗಳು ತಾವು ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಂಡಿರಬೇಕು ಎಂಬ ಷರತ್ತು ಅವರ ಪರವಾನಗಿಯಲ್ಲೇ ಇದೆ. ಸಮಯ ಸರಿಯಾಗಿ ಕೊಟ್ಟರೆ "ನಮ್ಮಲ್ಲಿ ಅಂಥದ್ದು ಇಲ್ಲ" ಎಂದು ಹೇಳಲು ಅವರಿಗೆ ದಾರಿ ಇರುವುದಿಲ್ಲ.

ಪೇಪರ್ ಆದರೆ ಪೂರ್ತಿ ಪುಟ ಎತ್ತಿಡಿ, ತುಣುಕು ಕತ್ತರಿಸಬೇಡಿ. ಯಾವ ಆವೃತ್ತಿ ಎಂಬುದು ಮುಖ್ಯ. ಒಂದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಇರದ ಸುದ್ದಿ ನಮ್ಮ ಕಡೆಯ ಆವೃತ್ತಿಯಲ್ಲಿ ಇರುತ್ತದೆ.

4. ಸರಿಯಾದದ್ದು ಏನು, ಅದಕ್ಕೂ ಕಾಗದ ಬೇಕು

"ಅದು ಸುಳ್ಳು, ಎಲ್ಲರಿಗೂ ಗೊತ್ತು" ಎಂದು ಬರೆದರೆ ನಡೆಯುವುದಿಲ್ಲ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬೇಕಾದರೆ ತುಂಗಭದ್ರಾ ಮಂಡಳಿಯ ದಿನದ ವಿವರ ಸಿಗುತ್ತದೆ. ಸರ್ಕಾರದ ಆದೇಶದ ಬಗ್ಗೆ ತಕರಾರಾದರೆ ಆ ಆದೇಶದ ಪ್ರತಿ, ಅಥವಾ ರಾಜ್ಯಪತ್ರ. ಜಿಲ್ಲೆಯ ವಿಷಯವಾದರೆ ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಯಿಂದ ಹೊರಟ ಪತ್ರಿಕಾ ಪ್ರಕಟಣೆ. ಕೋರ್ಟ್ ವಿಷಯವಾದರೆ ಆದೇಶದ ಪ್ರತಿ ಹೈಕೋರ್ಟಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಾಯಕರ ಭಾಷಣವನ್ನು ಅರ್ಧ ಕತ್ತರಿಸಿ ಹಾಕಿದ್ದಾರೆ ಎಂಬ ದೂರಾದರೆ ಪೂರ್ತಿ ಭಾಷಣದ ವಿಡಿಯೋ ಹುಡುಕಿ, ಹಿಂದಿನ ಮುಂದಿನ ಎರಡೆರಡು ವಾಕ್ಯ ಬರೆದುಕೊಳ್ಳಿ.

ಇನ್ನೊಂದು ಚಾನೆಲ್ ಬೇರೆ ಥರ ಹೇಳಿದೆ ಎಂಬುದನ್ನು ಸಾಕ್ಷಿ ಎಂದು ಕೊಡಬೇಡಿ. ಟಿವಿಯಲ್ಲಿ ಬಂದಿದೆ ಅಂದ ಮಾತ್ರಕ್ಕೆ ನಿಜವಾಗುವುದಿಲ್ಲ. 2016ರ ನವೆಂಬರ್‌ನಲ್ಲಿ ಹೊಸ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಎಂದು ಟಿವಿಯಲ್ಲೇ ತೋರಿಸಿದ್ದು ನೆನಪಿದೆ ಅಲ್ವಾ?

5. ಮೊದಲ ಪತ್ರ ಅವರಿಗೇ

ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್‌ಗೆ ಹೋಗಿ, ಚಾನೆಲ್‌ಗಳ ಮೇಲಿನ ದೂರು ಕೇಳುವ ಸಂಸ್ಥೆಗೆ ಹೋಗಿ, ಎಲ್ಲರೂ ಕೇಳುವ ಮೊದಲ ಮಾತು ಒಂದೇ: "ಅವರಿಗೆ ಬರೆದಿರಾ?" ಬರೆದಿರಬೇಕು, ಪ್ರತಿ ಇರಬೇಕು.

ಪತ್ರಿಕೆಯ ಸಂಪಾದಕರ ಹೆಸರು, ವಿಳಾಸ ಎಲ್ಲಿ ಸಿಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಪತ್ರಿಕೆಯಲ್ಲೇ ಇರುತ್ತದೆ. ಸಾಮಾನ್ಯವಾಗಿ ಕೊನೆಯ ಪುಟದ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಅಚ್ಚಾದ ಜಾಗ, ನೋಂದಣಿ ಸಂಖ್ಯೆ ಎಲ್ಲವೂ ಅಲ್ಲಿವೆ. ಅದನ್ನು ಹಾಕಲೇಬೇಕೆಂದು ಕಾನೂನಿದೆ. ಆ ಸಾಲೇ ಇಲ್ಲದ ಪತ್ರಿಕೆ ಕೈಗೆ ಬಂದರೆ ಅದರ ಸುದ್ದಿ ನಂಬುವ ಮೊದಲು ಎರಡು ಸಲ ಯೋಚಿಸಿ.

ಚಾನೆಲ್ ಆದರೆ ಅವರ ವೆಬ್‌ಸೈಟಿನ ಕೊನೆಯಲ್ಲಿ ದೂರು ಅಧಿಕಾರಿಯ ಇಮೇಲ್ ಇರುತ್ತದೆ. 2021ರ ಜೂನ್‌ನಲ್ಲಿ ಬಂದ ಕೇಬಲ್ ಟಿವಿ ನಿಯಮದ ಪ್ರಕಾರ ಪ್ರತಿ ಚಾನೆಲ್ ಇಂಥ ಅಧಿಕಾರಿಯನ್ನು ಇಡಬೇಕು, 24 ಗಂಟೆಯಲ್ಲಿ ದೂರು ತಲುಪಿತು ಎಂದು ತಿಳಿಸಬೇಕು, 15 ದಿನದಲ್ಲಿ ಉತ್ತರ ಕೊಡಬೇಕು.

ನಿಮ್ಮ ಕಡೆಯ ಗಡುವು ಇನ್ನೂ ಬಿಗಿ. ಪ್ರಸಾರವಾದ 7 ದಿನದೊಳಗೆ ಚಾನೆಲ್‌ಗೆ ಬರೆದುಬಿಡಿ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೆ ಹಾಕಿ ಗಡುವು ದಾಟಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪತ್ರ ಹೀಗಿರಲಿ. ಚಾನೆಲ್, ಸುದ್ದಿ ಎರಡೂ ಕಲ್ಪನೆಯವು. ನಿಮ್ಮ ವಿವರ ಹಾಕಿಕೊಳ್ಳಿ.

ಇವರಿಗೆ,
ದೂರು ಅಧಿಕಾರಿಗಳು, (ಚಾನೆಲ್ ಹೆಸರು, ವಿಳಾಸ)

ಮಾನ್ಯರೇ,
ವಿಷಯ: (ದಿನಾಂಕ)ದಂದು ರಾತ್ರಿ 9.12ಕ್ಕೆ ಪ್ರಸಾರವಾದ ತಪ್ಪು ಸುದ್ದಿಯ ಬಗ್ಗೆ.

ಮೇಲಿನ ದಿನ ನಿಮ್ಮ (ಕಾರ್ಯಕ್ರಮದ ಹೆಸರು) ಕಾರ್ಯಕ್ರಮದಲ್ಲಿ "ತುಂಗಭದ್ರಾ ಡ್ಯಾಂ ಒಡೆದಿದೆ" ಎಂಬ ಸಾಲು ಪರದೆಯ ಕೆಳಗೆ ಸುಮಾರು ನಾಲ್ಕು ನಿಮಿಷ ಓಡಿತು. ಈ ಸುದ್ದಿ ತಪ್ಪು. ಒಂದು ಗೇಟಿಗೆ ಮಾತ್ರ ಹಾನಿಯಾಗಿದೆ, ಅಣೆಕಟ್ಟಿಗೆ ಹಾನಿಯಾಗಿಲ್ಲ ಎಂಬ ಅಧಿಕೃತ ಪ್ರಕಟಣೆಯ ಪ್ರತಿ ಲಗತ್ತಿಸಿದ್ದೇನೆ. ಈ ಸಾಲು ನೋಡಿ ನದಿ ದಂಡೆಯ ಊರುಗಳಲ್ಲಿ ಜನ ಗಾಬರಿಯಾಗಿದ್ದಾರೆ. ಇದು ಕಾರ್ಯಕ್ರಮ ಸಂಹಿತೆಗೆ ವಿರುದ್ಧವಾಗಿದೆ. ಅದೇ ಸಮಯದಲ್ಲಿ, ಅಷ್ಟೇ ಹೊತ್ತು ತಿದ್ದುಪಡಿ ಪ್ರಸಾರ ಮಾಡಬೇಕು ಮತ್ತು ನಿಮ್ಮ ಯೂಟ್ಯೂಬ್ ಪುಟದಿಂದ ಆ ವಿಡಿಯೋ ತೆಗೆಯಬೇಕು ಎಂದು ಕೋರುತ್ತೇನೆ.

ಇಂತಿ, (ಹೆಸರು, ವಿಳಾಸ, ಫೋನ್)

ಇಷ್ಟೇ. ಏನು ಬಂತು, ಯಾವಾಗ ಬಂತು, ಯಾಕೆ ತಪ್ಪು, ಸಾಕ್ಷಿ ಏನು, ಏನು ಮಾಡಬೇಕು. ಇನ್ನೇನೂ ಬೇಡ. ಕಾರ್ಯಕ್ರಮ ಸಂಹಿತೆ ಅಂದರೆ ಕೇಬಲ್ ಟಿವಿ ನಿಯಮಗಳ 6ನೇ ನಿಯಮ. ಟಿವಿಯಲ್ಲಿ ಏನನ್ನು ತೋರಿಸಬಾರದು ಎಂಬ ಪಟ್ಟಿ ಅದರಲ್ಲಿದೆ. ಬೇಕೆಂದೇ ಹೇಳುವ ಸುಳ್ಳು, ಅರ್ಧಸತ್ಯ, ಮಾನಹಾನಿ, ಧರ್ಮ ಅಥವಾ ಸಮುದಾಯದ ಮೇಲಿನ ದಾಳಿ, ಹಿಂಸೆಗೆ ಪ್ರಚೋದನೆ ಎಲ್ಲ ಅಲ್ಲಿ ಬರುತ್ತವೆ.

ಪತ್ರದಲ್ಲಿ "ದಲ್ಲಾಳಿ", "ಮಾರಿಕೊಂಡವರು" ಎಂಬ ಪದ ಹಾಕಬೇಡಿ. ಸಿಟ್ಟು ಬರುವುದು ಸಹಜ, ಒಪ್ಪುತ್ತೇನೆ. ಆದರೆ ಆ ಒಂದು ಪದದ ಕಾರಣಕ್ಕೆ ಉಳಿದ ಹತ್ತು ಸಾಲನ್ನು ಯಾರೂ ಓದುವುದಿಲ್ಲ.

6. ಉತ್ತರ ಬರದಿದ್ದರೆ ಎಲ್ಲಿಗೆ?

ಪೇಪರ್‌ಗೆ ಒಂದು ದಾರಿ, ಟಿವಿಗೆ ಒಂದು ದಾರಿ, ಯೂಟ್ಯೂಬ್‌ಗೆ ಇನ್ನೊಂದು. ಇವನ್ನು ಕಲಸಿಕೊಂಡರೆ ತಿಂಗಳುಗಟ್ಟಲೆ ಹಾಳು.

ಪತ್ರಿಕೆ ಆದರೆ ಭಾರತೀಯ ಪತ್ರಿಕಾ ಮಂಡಳಿ, ಅಂದರೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ. 1978ರ ಕಾಯ್ದೆಯ ಕೆಳಗೆ ಬಂದ ಸಂಸ್ಥೆ, ದೆಹಲಿಯ ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸ್‌ನ ಸೂಚನಾ ಭವನದಲ್ಲಿದೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ, ಮಾಸಪತ್ರಿಕೆಯಂಥವಾದರೆ 4 ತಿಂಗಳೊಳಗೆ ದೂರು ತಲುಪಬೇಕು. ಸುದ್ದಿಯ ಪ್ರತಿ, ಅದರ ಇಂಗ್ಲಿಷ್ ಅನುವಾದ, ನೀವು ಸಂಪಾದಕರಿಗೆ ಬರೆದ ಪತ್ರ, ಅವರ ಉತ್ತರ ಬಂದಿದ್ದರೆ ಅದು, ಇವಿಷ್ಟು ಜೊತೆಗಿರಲಿ. "ಈ ವಿಷಯ ಯಾವ ಕೋರ್ಟಿನಲ್ಲೂ ಇಲ್ಲ" ಎಂಬ ಘೋಷಣೆಯನ್ನೂ ಬರೆದು ಸಹಿ ಹಾಕಬೇಕು. ಜನ ಮರೆಯುವುದು ಅನುವಾದ ಮತ್ತು ಈ ಘೋಷಣೆಯನ್ನೇ. ಅನುವಾದಕ್ಕೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಯಾರಾದರೂ ಸಹಾಯ ಮಾಡುತ್ತಾರೆ. ಇದರ ಮಿತಿಯನ್ನೂ ತಿಳಿದಿರಿ. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕಲು ಬರುವುದಿಲ್ಲ. ಟಿವಿ ಇದರ ವ್ಯಾಪ್ತಿಗೆ ಬರುವುದೇ ಇಲ್ಲ.

ಸ್ಯಾಟಲೈಟ್ ಚಾನೆಲ್ ಆದರೆ ಮೊದಲು ಆ ಚಾನೆಲ್ ಸುದ್ದಿ ಚಾನೆಲ್‌ಗಳ ಯಾವ ಒಕ್ಕೂಟದ ಸದಸ್ಯ ಎಂದು ನೋಡಬೇಕು. ಮುಖ್ಯವಾಗಿ ಎರಡಿವೆ. ಎನ್‌ಬಿಡಿಎ ಒಕ್ಕೂಟದ ಸ್ವನಿಯಂತ್ರಣ ಸಂಸ್ಥೆಯ ಹೆಸರು ಎನ್‌ಬಿಡಿಎಸ್‌ಎ. ಎನ್‌ಬಿಎಫ್ ಒಕ್ಕೂಟದ್ದು ಪಿಎನ್‌ಬಿಎಸ್‌ಎ. ಸ್ವನಿಯಂತ್ರಣ ಅಂದರೆ ಚಾನೆಲ್‌ಗಳೇ ಸೇರಿ ಕಟ್ಟಿಕೊಂಡ, ತಮ್ಮ ಮೇಲಿನ ದೂರು ಕೇಳುವ ವ್ಯವಸ್ಥೆ. ನಾನು ಮೊದಲು ಹೇಳಿದ 2021ರ ದಂಡದ ಆದೇಶ ಬಂದದ್ದು ಎನ್‌ಬಿಡಿಎಸ್‌ಎಯಿಂದಲೇ, ಆಗ ಅದರ ಹೆಸರು ಎನ್‌ಬಿಎಸ್‌ಎ ಎಂದಿತ್ತು. ಯಾವ ಚಾನೆಲ್ ಸದಸ್ಯ ಎಂಬ ಪಟ್ಟಿ ಅವರವರ ವೆಬ್‌ಸೈಟಿನಲ್ಲಿದೆ. ಚಾನೆಲ್‌ನ ಉತ್ತರ ಸಮಾಧಾನ ತರದಿದ್ದರೆ, ಅಥವಾ ಗಡುವು ಮುಗಿದರೂ ಉತ್ತರ ಬಾರದಿದ್ದರೆ ಎರಡು ವಾರ ದಾಟಿಸದೆ ಇವರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಮೂರನೇ ಹಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ.

1 ಲಕ್ಷ ದಂಡ ದೊಡ್ಡ ಚಾನೆಲ್‌ಗೆ ಏನೂ ಅಲ್ಲ ಎಂದು ನೀವು ಹೇಳಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಆದರೆ ತಿದ್ದುಪಡಿ ಹಾಕಿ, ಕ್ಷಮೆ ಕೇಳಿ, ಯೂಟ್ಯೂಬ್‌ನಿಂದ ವಿಡಿಯೋ ತೆಗೆಯಿರಿ ಎಂಬ ಆದೇಶ ಬಂದರೆ ಅದರ ಬೆಲೆಯೇ ಬೇರೆ. ದಂಡಕ್ಕಿಂತ ನಾನು ಅದನ್ನೇ ಹೆಚ್ಚು ಎಂದುಕೊಳ್ಳುತ್ತೇನೆ.

ಊರಿನ ಲೋಕಲ್ ಕೇಬಲ್ ಚಾನೆಲ್ ಆದರೆ ದೆಹಲಿಗೆ ಹೋಗಬೇಕಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಕೇಬಲ್ ಟಿವಿ ನಿಗಾ ಸಮಿತಿಗೆ ಅವಕಾಶವಿದೆ, ಪೊಲೀಸ್ ವರಿಷ್ಠಾಧಿಕಾರಿಯೂ ಅದರಲ್ಲಿರುತ್ತಾರೆ. 1995ರ ಕೇಬಲ್ ಟಿವಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ಪ್ರಸಾರ ನಿಲ್ಲಿಸುವ ಅಧಿಕಾರವೂ ಇದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಯಾವ ಜಿಲ್ಲೆಯಾದರೂ ಡಿಸಿ ಕಚೇರಿಯ ಟಪಾಲು ಶಾಖೆಯಲ್ಲಿ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗ್ರಿ, ಸಾಹೇಬ್ರಿಗೆ ಕೊಡ್ತೀವಿ" ಅಂದರೆ ಸುಮ್ನೆ ಬಂದುಬಿಡಬೇಡಿ. ಸೀಲಿಲ್ಲದ ಅರ್ಜಿಗೆ ಲೆಕ್ಕವಿಲ್ಲ.

ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪುಟ ಎಂದರೆ ತಲೆನೋವು ಜಾಸ್ತಿ. ಮೈಕ್ ಹಿಡಿದ ಎಷ್ಟೋ ಜನ ಯಾವ ಒಕ್ಕೂಟದಲ್ಲೂ ಇಲ್ಲ. ಆ ವೇದಿಕೆಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2021ರ ಐಟಿ ನಿಯಮದ ಪ್ರಕಾರ ಅವರೂ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ತೀರ್ಮಾನಕ್ಕೆ ಮೊದಲು 15 ದಿನ ಇತ್ತು, 2026ರ ತಿದ್ದುಪಡಿಯಲ್ಲಿ ಅದು 7 ದಿನಕ್ಕೆ ಇಳಿಯಿತು. ಸುಳ್ಳು ಎಂದು ಬರೆದರೆ ಸಾಲದು, ಅವರ ಯಾವ ನಿಯಮ ಮುರಿದಿದೆ ಎಂದು ಹೇಳಬೇಕು: ದ್ವೇಷದ ಮಾತು, ಬೆದರಿಕೆ, ಬೇರೆಯವರ ಹೆಸರಿನಲ್ಲಿ ನಕಲಿ ಖಾತೆ, ತಿರುಚಿದ ವಿಡಿಯೋ. ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹಾಕಬಹುದು. 2023ರಿಂದ ಅದು ಕೆಲಸ ಮಾಡುತ್ತಿದೆ.

ಸುದ್ದಿ ಜಾಲತಾಣಗಳಿಗೂ ಟಿವಿಯ ಹಾಗೆ ಮೂರು ಹಂತದ ವ್ಯವಸ್ಥೆ ತಂದಿದ್ದರು. 2021ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅದರ ಮುಖ್ಯ ಭಾಗಕ್ಕೆ ತಡೆ ಕೊಟ್ಟಿತು. ಆದರೂ ಜಾಲತಾಣದ ಸಂಪಾದಕರಿಗೆ ಒಂದು ಇಮೇಲ್ ಹಾಕಿ. ಒಳ್ಳೆಯ ಸಂಪಾದಕರು ತಿದ್ದುತ್ತಾರೆ, ಕೆಳಗೆ "ತಿದ್ದಲಾಗಿದೆ" ಎಂದೂ ಹಾಕುತ್ತಾರೆ.

ಸುದ್ದಿಯಿಂದ ಊರಲ್ಲಿ ಗಲಾಟೆ ಆಗುವ ಸ್ಥಿತಿ ಇದ್ದರೆ ಈ ಯಾವ ಹಂತಕ್ಕೂ ಕಾಯಬೇಡಿ. ನೇರ ಪೊಲೀಸ್ ಠಾಣೆಗೆ ಹೋಗಿ.

7. ಚುನಾವಣೆ ಬಂದಾಗ

ಆಗ ಬೇರೆ ದಾರಿ ಇದೆ, ಮತ್ತು ಅದು ಬೇಗ ನಡೆಯುತ್ತದೆ. ಪ್ರತಿ ಜಿಲ್ಲೆಯಲ್ಲೂ ಎಂಸಿಎಂಸಿ ಎಂಬ ಸಮಿತಿ ಮಾಡುತ್ತಾರೆ, ಅಂದರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ. ಟಿವಿ ಜಾಹೀರಾತಿಗೆ ಅನುಮತಿ ಕೊಡುವುದು, ಪೇಯ್ಡ್ ನ್ಯೂಸ್ ಹುಡುಕುವುದು ಇದರ ಕೆಲಸ. ಪೇಯ್ಡ್ ನ್ಯೂಸ್ ಅಂದರೆ ಅಭ್ಯರ್ಥಿಯಿಂದ ದುಡ್ಡು ತೆಗೆದುಕೊಂಡು, ಜಾಹೀರಾತು ಎಂದು ಹೇಳದೆ ಸುದ್ದಿಯ ವೇಷದಲ್ಲಿ ಹಾಕಿದ್ದು.

ಗುರುತಿಸುವುದು ಹೇಗೆ? ಎರಡು ಪತ್ರಿಕೆ ಪಕ್ಕ ಪಕ್ಕ ಇಟ್ಟು ಓದಿ. ಒಬ್ಬ ಅಭ್ಯರ್ಥಿಯ ಬಗ್ಗೆ ಎರಡರಲ್ಲೂ ಅಕ್ಷರ ಬಿಡದೆ ಒಂದೇ ಲೇಖನ, ಅದೇ ಫೋಟೋ, ಬರೆದವರ ಹೆಸರಿಲ್ಲ. ಹೋದ ಕಡೆಯೆಲ್ಲ "ಅಭೂತಪೂರ್ವ ಬೆಂಬಲ", "ಗೆಲುವು ಖಚಿತ". ಎದುರಾಳಿಯ ಹೆಸರೇ ಇರುವುದಿಲ್ಲ. ಇಂಥದ್ದು ಕಂಡರೆ ಎರಡೂ ಪುಟದ ಪ್ರತಿ ಲಗತ್ತಿಸಿ ಸಮಿತಿಗೆ ಕೊಡಿ. ದುಡ್ಡು ಕೊಟ್ಟದ್ದನ್ನು ನೀವು ಸಾಬೀತು ಮಾಡಬೇಕಿಲ್ಲ. ಪೇಯ್ಡ್ ನ್ಯೂಸ್ ಎಂದು ಸಮಿತಿಗೆ ಅನ್ನಿಸಿದರೆ ಅಭ್ಯರ್ಥಿಗೆ ನೋಟಿಸ್ ಹೋಗುತ್ತದೆ. ತೀರ್ಮಾನವಾದರೆ ಅದರ ಖರ್ಚು ಅವರ ಚುನಾವಣಾ ಲೆಕ್ಕಕ್ಕೆ ಸೇರುತ್ತದೆ.

8. ದೂರು ಹೋದ ಮೇಲೆ

ದೂರಿನ ಪ್ರತಿಯನ್ನು ಫೇಸ್‌ಬುಕ್‌ಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಾಕಿ, ಆದರೆ ಅದರ ಮೇಲೆ "ಇವರು ದುಡ್ಡು ತಿಂದಿದ್ದಾರೆ" ಎಂದು ಒಂದು ಸಾಲು ಸೇರಿಸಬೇಡಿ. ಸಾಕ್ಷಿ ಇಲ್ಲದೆ ಹಾಗೆ ಬರೆದರೆ ಮಾನಹಾನಿ ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಅದಕ್ಕೆ 2 ವರ್ಷದವರೆಗೆ ಶಿಕ್ಷೆ ಇದೆ. ತಪ್ಪು ಅವರದ್ದಾಗಿದ್ದು, ಕೋರ್ಟಿಗೆ ಅಲೆಯುವವರು ನೀವಾಗುತ್ತೀರಿ.

ವರದಿಗಾರರ ಮನೆಗೆ ಫೋನ್ ಮಾಡಿ ಬೈಯಬೇಡಿ. ನಮ್ಮ ತಾಲ್ಲೂಕಿನ ವರದಿಗಾರರಲ್ಲಿ ಎಷ್ಟೋ ಜನ ಕಡಿಮೆ ಸಂಬಳಕ್ಕೆ ದಿನವಿಡೀ ಬೈಕಿನಲ್ಲಿ ಓಡಾಡುವವರು. ಅವರು ಕಳಿಸಿದ ಸುದ್ದಿ ಸರಿಯಾಗಿಯೇ ಇದ್ದು, ಶೀರ್ಷಿಕೆ ಕೊಡುವವರು ಬೆಂಗಳೂರಿನಲ್ಲಿ ಕೆಡಿಸಿರಬಹುದು. ಅದಕ್ಕೇ ದೂರು ಯಾವಾಗಲೂ ಸಂಸ್ಥೆಯ ಹೆಸರಿಗೆ, ಸಂಪಾದಕರ ಹೆಸರಿಗೆ ಇರಲಿ.

ಒಂದು ಫೈಲ್ ಮಾಡಿಕೊಳ್ಳಿ. ಇಮೇಲ್‌ನ ಪ್ರಿಂಟ್, ಸ್ಪೀಡ್ ಪೋಸ್ಟ್‌ನ ರಸೀದಿ, ಸೀಲು ಹಾಕಿದ ಪ್ರತಿ ಎಲ್ಲ ದಿನಾಂಕದ ಪ್ರಕಾರ ಜೋಡಿಸಿ. ಮುಖಪುಟದಲ್ಲಿ ಮೂರು ದಿನಾಂಕ ದಪ್ಪಗೆ ಬರೆದಿಡಿ: ಸುದ್ದಿ ಬಂದ ದಿನ, ನೀವು ಬರೆದ ದಿನ, ಉತ್ತರಕ್ಕೆ ಕೊನೆಯ ದಿನ. ಕೊನೆಯ ದಿನದ ಮರುದಿನ ಬೆಳಿಗ್ಗೆಯೇ ಮುಂದಿನ ಹಂತದ ಪತ್ರ ಹೊರಡಬೇಕು.

ನಡುವೆ ಚಾನೆಲ್‌ನಿಂದ ಫೋನ್ ಬಂದು "ತಪ್ಪಾಯ್ತು ಸರ್, ಬಿಟ್ಟುಬಿಡಿ" ಎಂದರೆ ಮರ್ಯಾದೆಯಿಂದ ಮಾತಾಡಿ, ಅದನ್ನೇ ಇಮೇಲ್‌ನಲ್ಲಿ ಬರೆದುಕೊಡಲು ಕೇಳಿ. ತಿದ್ದುಪಡಿ ಯಾವ ದಿನ, ಎಷ್ಟು ಗಂಟೆಗೆ ಪ್ರಸಾರ ಮಾಡುತ್ತಾರೆ ಎಂದೂ ಕೇಳಿ. ಆ ಹೊತ್ತಿಗೆ ಟಿವಿ ಮುಂದೆ ಕೂತು, ತಿದ್ದುಪಡಿ ಬಂದದ್ದನ್ನು ರೆಕಾರ್ಡ್ ಮಾಡಿಕೊಂಡು ಅದೇ ಫೈಲಿಗೆ ಸೇರಿಸಿ. ಮೊದಲ ಸುಳ್ಳು ಯಾವ ಯಾವ ವಾಟ್ಸಾಪ್ ಗುಂಪಿಗೆ ಹೋಗಿತ್ತೋ, ಆ ತಿದ್ದುಪಡಿಯ ವಿಡಿಯೋವನ್ನು ಆ ಗುಂಪುಗಳಿಗೂ ಕಳಿಸಿ.